ಹದಿನೇಳನೇ ನಂಬರಿನ ಅಂಗಿ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
4 ಅಕ್ಟೋಬರ್ 2024, ಶುಕ್ರವಾರ

ಝಹೀರ್ ಮೋನೇ,

ಅಸ್ಸಲಾಮು ಅಲೈಕುಂ. ಸಲಾಮು ಹೇಳಿದೆ ಎಂದು ಕುಣಿಯಬೇಡ. ಸಲಾಮು ಕೋಪ ಇದ್ದವರಿಗೂ ಹೇಳಬೇಕು.

ನಾನು ಅಂದ ಮಾತು ಅಂದದ್ದೇ. ಇನ್ಶೂರೆನ್ಸ್ ಆಫೀಸಿನ ಎ.ಸಿ. ಕೆಳಗಿನ ಕೆಲಸ ಬಿಟ್ಟು, ದುಬೈಯಲ್ಲಿ ಐಸಿನ ಮೇಲಿನ ಹಾಕಿ ಆಟ ಆಡಲು ಹೋಗುತ್ತೇನೆ ಎಂದು ನೀನು ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಾಗ ಏನು ಹೇಳಿದೆ? "ಆ ಆಟ ಬಿಡುವ ತನಕ ನಿನ್ನ ಹತ್ತಿರ ನನಗೆ ಮಾತಿಲ್ಲ, ವಲ್ಲಾಹಿ" ಎಂದೆ. ಅಲ್ಲಾಹನ ಹೆಸರಿನಲ್ಲಿ ಆಣೆ ಹಾಕಿದ ಮೇಲೆ ಮುಗಿಯಿತು. ಆದರೆ ಬರೆಯುವುದು ಮಾತಾಡಿದ ಹಾಗಲ್ಲ. ಇದನ್ನು ಯಾವ ಉಸ್ತಾದರಲ್ಲೂ ಕೇಳಿಲ್ಲ, ನಾನೇ ತೀರ್ಮಾನ ಮಾಡಿದ್ದು. ವಾಟ್ಸಪ್ಪಿನಲ್ಲಿ ಬರೆ ಎನ್ನುತ್ತಾರೆ ನಿನ್ನ ಬಾಪ. ಅದರಲ್ಲಿ ನಾನು ಒಂದು ಹೇಳಿದರೆ ನೀನು ಆ ಗಳಿಗೆಯಲ್ಲೇ ಎರಡು ಹೇಳುತ್ತಿ, ಕೊನೆಗೆ ಜಗಳ. ಅದು ಮಾತೇ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ನಿಮ್ಮ ಟೀಮಿನ ಅಂಗಿಗಳು ನನ್ನ ಟೈಲರ್ ಅಂಗಡಿಗೇ ಬಂದವು. ಇದು ಬಾಪನ ಕಿತಾಪತಿ. ಟೀಮಿನ ಮ್ಯಾನೇಜರ್ ಬ್ರೆಂಡಾ ಬಾಯಿ ಮಂಗಳೂರಿನವರಂತೆ, ಇವರು ಹೋಗಿ ಪರಿಚಯ ಹೇಳಿಕೊಂಡಿದ್ದಾರೆ. "ಊರವರಿಗೆಲ್ಲ ಹೊಲಿಯುತ್ತಿ, ಮಗನ ಟೀಮಿಗೆ ಹೊಲಿದರೆ ನಿನಗೆ ಎಂತ ಹೋಗ್ತದೆ?" ಎಂದು ನನಗೇ ಕೇಳಿದರು. ಎಲ್ಲ ಅಂಗಿಗಳ ಬೆನ್ನಿಗೂ ನಂಬರು ಹೊಲಿದು ಕಳಿಸಿದ್ದೇನೆ. ಹೆಸರಿನ ಪಟ್ಟಿಯನ್ನು ದುಬೈಯಲ್ಲೇ ಅಂಟಿಸುತ್ತಾರಂತೆ. ನಿನಗೆ ಹದಿನೇಳು ಎಂದು ಬಾಪ ಹೇಳಿದ್ದರು, ಆ ಅಂಗಿಯ ಕೆಳಗಿನ ಅಂಚನ್ನು ಮಾತ್ರ ಕೈಯಲ್ಲಿ ಹೊಲಿದಿದ್ದೇನೆ. ಗಟ್ಟಿ ಇರಲಿ ಎಂದು, ಬೇರೇನಿಲ್ಲ.

ಹರಿದ ಅಂಗಿಗಳನ್ನು ಮೊಯ್ದೀನ್ ತರುತ್ತಾನೆ. ಬಾಪನ ಅಂಗಡಿಗೆ ಕಾರಿನ ಸ್ಪೇರ್ ಪಾರ್ಟ್ ತರಲು ಅವನ ಪಿಕಪ್ ಹೇಗೂ ವಾರಕ್ಕೊಮ್ಮೆ ದುಬೈಯ ರಾಸ್ ಅಲ್ ಖೋರ್‌ಗೆ ಹೋಗುತ್ತದಲ್ಲ. ಬರೆಯುವುದಿದ್ದರೆ ಆ ಗಂಟಿನೊಳಗೆ ಇಡು.

ಹೋದ ವರ್ಷ ಆಟದಲ್ಲಿ ಮುರಿದ ಎಡ ಹೆಗಲಿನ ಮೂಳೆ ಚಳಿಗೆ ನೋಯುತ್ತದೆಯಾ? ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಮ್ಮ ಮನೆಯಲ್ಲಿ ಇಲಿ ಯಾರೆಂದು ನಿನಗೆ ಗೊತ್ತುಂಟು.

ಕೋಪ ಇಳಿಯದ,
ಉಮ್ಮ

*

ದುಬೈ
13 ಅಕ್ಟೋಬರ್ 2024

ಪ್ರೀತಿಯ ಉಮ್ಮಾ,

ವಅಲೈಕುಂ ಸಲಾಂ. ಕಾಗದ ಓದಿ ನಗು ಬಂತು, ಆಮೇಲೆ ಬರಲಿಲ್ಲ. ಇಲ್ಲಿ ಶವರ್ಮಾ ಅಂಗಡಿಯವನು ಒಂದು ಪೊಟ್ಟಣ ಕಟ್ಟುವಷ್ಟರಲ್ಲಿ ನಾಲ್ಕು ಸಲ ವಲ್ಲಾಹಿ ಎನ್ನುತ್ತಾನೆ. ನಿಮ್ಮದೂ ಆ ಲೆಕ್ಕಕ್ಕೇ ಸೇರಲಿ, ಬಿಟ್ಟುಬಿಡಿ.

ನನ್ನ ಕನ್ನಡಕ್ಕೆ ನಗಬೇಡಿ. ಏಳನೇ ಕ್ಲಾಸಿನವರೆಗೆ ಊರಿನಲ್ಲಿ, ಮುಡಿಪಿನ ಶಾಲೆಯಲ್ಲಿ ಕಲಿತದ್ದೇ ಬಂಡವಾಳ. ಅಲ್ಲಿಂದ ಅಬುಧಾಬಿಗೆ ಬಂದ ವರ್ಷವೇ ಅಲ್ಲವಾ ನೀವು ನನ್ನನ್ನು ಐಸ್ ರಿಂಕಿಗೆ ಕರೆದುಕೊಂಡು ಹೋದದ್ದು? ಹೊರಗೆ ಸೆಕೆ, ಒಳಗೆ ತಂಪು, ಟಿಕೆಟ್ ಅಗ್ಗ ಎಂದು. ಈಗ ನನ್ನನ್ನು ದೂರಿದರೆ ಹೇಗೆ?

ಈ ದೇಶದಲ್ಲಿ ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ಮೊದಲ ಸೀಸನ್ ಇದು. ನಾಲ್ಕೇ ಟೀಮು. ದಾರಿಯಲ್ಲೆಲ್ಲ "ಚರಿತ್ರೆ" ಎಂದು ದೊಡ್ಡ ಬೋರ್ಡು ಹಾಕಿದ್ದಾರೆ. ಪ್ರತಿ ಟೀಮಿನಲ್ಲೂ ಇಲ್ಲೇ ಬೆಳೆದ ಇಬ್ಬರು ಇರಬೇಕೆಂದು ನಿಯಮ, ಹಾಗಾಗಿ ನಾನಿದ್ದೇನೆ. ಬೋರ್ಡಿನಲ್ಲಿ ನನ್ನ ಮುಖ ಇಲ್ಲ, ಮೊಣಕೈ ಉಂಟು. ಸೀಸನ್ ಮುಗಿದ ಮೇಲೆ ಇಟ್ಟುಕೊಳ್ಳುತ್ತಾರಾ, ಕಳಿಸುತ್ತಾರಾ, ಅದು ಆಟದ ಮೇಲೆ.

ಒಂದು ಬೇಜಾರಿನ ಸಂಗತಿ. ಹದಿನೇಳು ನನಗೆ ಸಿಗಲಿಲ್ಲ. ಕ್ಯಾಪ್ಟನ್ ಡ್ಯಾರಲ್ ಕೇಳಿದ. ಅವನ ತಂದೆತಾಯಿ ಮಂಗಳೂರಿನ ಬೆಂದೂರಿನವರು, ಅವನು ಹುಟ್ಟಿ ಬೆಳೆದದ್ದು ಕೆನಡಾದಲ್ಲಿ. ಚಿಕ್ಕಂದಿನಿಂದ ಅವನದು ಅದೇ ನಂಬರಂತೆ. ಹಿರಿಯರು ಕೇಳಿದರೆ ಕೊಡುವುದು ಇಲ್ಲಿನ ಪದ್ಧತಿ. ನನಗೆ ನಲವತ್ತನಾಲ್ಕು. ನೀವು ಕೈಯಲ್ಲಿ ಹೊಲಿದ ಅಂಚು ಅವನ ಪಾಲಾಯಿತು.

ಹೆಗಲು ನೋಯುವುದಿಲ್ಲ. (ಸ್ವಲ್ಪ.)

ನಿಮ್ಮ
ಝಹೀರ್

*

ಎಲೆಕ್ಟ್ರಾ ಸ್ಟ್ರೀಟ್
18 ಅಕ್ಟೋಬರ್ 2024

ಝಹೀರ್,

ಆ ಹದಿನೇಳನ್ನು ಕೂಡಲೇ ಕಳಿಸು. ಹೊಲಿಗೆ ಸರಿಯಾಗಿಲ್ಲ, ಬಿಚ್ಚಿ ಹೊಲಿಯಬೇಕು. ಮೊಯ್ದೀನನಿಗೆ ಹೇಳಿದ್ದೇನೆ, ಅವನು ಅಂಗಿ ಸಿಗದೆ ದುಬೈ ಬಿಡುವುದಿಲ್ಲ. ಕಾರಣ ಕೇಳಬೇಡ. ಬಾಪನಿಗೂ ಹೇಳಬೇಡ.

ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಕೇಳಲಿಕ್ಕೆ ನಾನೆಲ್ಲಿ ಮಾತಾಡುತ್ತೇನೆ, ಅದೂ ಸರಿ.

ಉಮ್ಮ

*

ದುಬೈ
10 ನವೆಂಬರ್ 2024

ಪ್ರೀತಿಯ ಉಮ್ಮಾ,

ಮೊಯ್ದೀನಾಕ ಮೂರು ವಾರದಿಂದ ನಮ್ಮ ಗೋದಾಮಿನ ಬಾಗಿಲಲ್ಲಿ ನಿಂತು "ಸೆವೆಂಟೀನ್, ಸೆವೆಂಟೀನ್" ಎಂದು ಕೂಗುತ್ತಿದ್ದಾರೆ. ಬ್ರೆಂಡಾ ಬಾಯಿಗೆ ತಲೆ ಚಿಟ್ಟು ಹಿಡಿದಿದೆ. ಅಂಗಿ ಸಿಗುವುದಿಲ್ಲ ಉಮ್ಮಾ. ಅದನ್ನು ಹಾಕಿಕೊಂಡ ಮೊದಲ ದಿನವೇ ಡ್ಯಾರಲ್ ಎರಡು ಗೋಲು ಹೊಡೆದ. ಆಮೇಲೆ ನಾವು ಸೋತೇ ಇಲ್ಲ. ಈ ಆಟದವರಿಗೆ ಒಂದು ಹುಚ್ಚು ಉಂಟು. ಗೆಲ್ಲುತ್ತಿರುವಾಗ ಏನನ್ನೂ ಬದಲಿಸಬಾರದು. ಒಬ್ಬ ಬಲಗಾಲಿನ ಸ್ಕೇಟನ್ನೇ ಮೊದಲು ಹಾಕುತ್ತಾನೆ, ಒಬ್ಬ ಗಡ್ಡ ತೆಗೆಯುವುದಿಲ್ಲ. ಡ್ಯಾರಲ್ ಆ ಅಂಗಿಯನ್ನು ಒಗೆಯಲಿಕ್ಕೇ ಕೊಡುವುದಿಲ್ಲ. ಅವನು ಬಸ್ ಹತ್ತಿದರೆ ನಮಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ.

ನಾನು ಆಡುವುದು ಕಡಿಮೆ, ಬೆಂಚಿನಲ್ಲಿ ಕೂರುವುದೇ ಹೆಚ್ಚು. ಇಳಿದಾಗ ನನ್ನ ಕೆಲಸ ಒಂದೇ: ಎದುರಿನವನೊಬ್ಬನಿಗೆ ಅಂಟಿಕೊಳ್ಳುವುದು, ಅವನು ನಮ್ಮ ಗೋಲಿನ ಹತ್ತಿರ ಬಾರದ ಹಾಗೆ ನೋಡಿಕೊಳ್ಳುವುದು. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಜಾಸ್ತಿ. ನಿದ್ರೆ ಸರಿಯಾಗಿ ಬರುವುದಿಲ್ಲ. ಹಾಸಿಗೆಯಲ್ಲೂ ಕಾಲು ಜಾರಿದ ಹಾಗೆ ಆಗುತ್ತದೆ.

ನನ್ನ ನಲವತ್ತನಾಲ್ಕನ್ನು ಕಳಿಸಿದ್ದೇನೆ, ತೋಳು ಹರಿದಿದೆ. ಅಷ್ಟು ಗಡಿಬಿಡಿ ಎಂತಕ್ಕೆ ಎಂದು ಹೇಳಿ.

ನಿಮ್ಮ
ಝಹೀರ್

*

ಎಲೆಕ್ಟ್ರಾ ಸ್ಟ್ರೀಟ್
29 ನವೆಂಬರ್ 2024

ಝಹೀರ್ ಮೋನೇ,

ಹೇಳುತ್ತೇನೆ. ನಗಬೇಡ, ಬಾಪನಿಗೆ ಹೇಳಬೇಡ. ಅವರಿಗೆ ಇಂಥದ್ದೆಲ್ಲ ಆಗುವುದಿಲ್ಲ ಎಂದು ನಿನಗೆ ಗೊತ್ತು.

ಊರಿನ ಅಲಿಯಬ್ಬ ಉಸ್ತಾದರು ಓದಿ ಊದಿಕೊಟ್ಟ ನೂಲು ನನ್ನ ಹತ್ತಿರ ಇತ್ತು. ನೀನು ಹೋದ ವರ್ಷ ಹೆಗಲು ಮುರಿದುಕೊಂಡಾಗ ಊರಿಗೆ ಹೋಗಿದ್ದೆನಲ್ಲ, ಆಗ ನಿನ್ನ ಹೆಸರು ಹೇಳಿ ಓದಿಸಿದ್ದು. ಕೈಗೆ ಕಟ್ಟಿದರೆ ನಿಮ್ಮ ಆಟದಲ್ಲಿ ಬಿಚ್ಚಿಸುತ್ತಾರೆ, ಕೊರಳಿಗೆ ಕಟ್ಟಿದರೂ ಬಿಚ್ಚಿಸುತ್ತಾರೆ. ಹಾಗಾಗಿ ಅಂಗಿಯ ಕೆಳಗಿನ ಅಂಚನ್ನು ಮಡಚಿ ಅದರೊಳಗೆ ಇಟ್ಟು ಹೊಲಿದೆ. ನನ್ನ ಮಗನ ನಂಬರು ಹದಿನೇಳು ಎಂದು ನಂಬಿ ಹೊಲಿದದ್ದು. ಹೆಸರಿಲ್ಲದ ಅಂಗಿಗೆ ಹೊಲಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ! ಈಗ ನಿನ್ನ ಹೆಸರಿನ ದುಆ ಬೆಂದೂರಿನ ಹುಡುಗನ ಸೊಂಟ ಸುತ್ತಿಕೊಂಡು ಗೋಲು ಹೊಡೆಯುತ್ತಿದೆ. ನೀನು ಬರಿಮೈಯಲ್ಲಿ ಹೊಡೆಸಿಕೊಳ್ಳುತ್ತಿದ್ದಿ.

ಇನ್ನೊಂದು ನೂಲು ತರಿಸಿ ಎನ್ನಬೇಡ. ಅಲಿಯಬ್ಬ ಉಸ್ತಾದರು ಮಳೆಗಾಲದಲ್ಲಿ ತೀರಿಕೊಂಡರು.

ತೋಳನ್ನು ಸರಿ ಮಾಡಿದ್ದೇನೆ. ತೋಳು ಹರಿದದ್ದಲ್ಲ, ಯಾರೋ ಹಿಡಿದು ಎಳೆದದ್ದು. ನಾನು ಟೈಲರ್, ನನಗೆ ಸುಳ್ಳು ಬರೆಯಬೇಡ. ಆ ಡ್ಯಾರಲ್‌ನ ಹತ್ತಿರ ಹೇಗಾದರೂ ಕೇಳು.

ಉಮ್ಮ

*

ದುಬೈ
15 ಡಿಸೆಂಬರ್ 2024

ಉಮ್ಮಾ,

ಕೇಳಿದೆ. ಎಷ್ಟು ನಾಚಿಕೆಯಾಯಿತು ಎಂದು ಹೇಳಲಾರೆ. ಡ್ಯಾರಲ್ ನಗಲಿಲ್ಲ. ಅಂಗಿಯ ಅಂಚನ್ನು ತಿರುಗಿಸಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ಒಳಗೆ ಸಣ್ಣ ಗಂಟು ಕೈಗೆ ಸಿಕ್ಕಿತು. ಅವನ ಅಜ್ಜಿ ಹೀಗೇ ಸಂತರ ಪದಕವನ್ನು ಬನಿಯನ್ನಿಗೆ ಪಿನ್ನು ಹಾಕಿ ಕಳಿಸುತ್ತಿದ್ದರಂತೆ. "ನಿನ್ನ ಮಮ್ಮಿಗೆ ಹೇಳು, ಸೀಸನ್ ಮುಗಿದ ಮರುದಿನ ಕೊಡ್ತೇನೆ. ಈಗ ಬಿಚ್ಚಿದ್ರೆ ನಿಂಗೂ ಒಳ್ಳೇದಲ್ಲ, ನಂಗೂ ಅಲ್ಲ" ಎಂದ. ಅವನ ಕನ್ನಡ ನನ್ನದಕ್ಕಿಂತ ಕಡೆ. ಅದರ ನಂತರ ಅವನು ನನ್ನ ಹತ್ತಿರವೇ ಕೂರುತ್ತಾನೆ. ನನ್ನದೇನೋ ಕದ್ದವನ ಹಾಗೆ ನೋಡುತ್ತಾನೆ, ಆದರೂ ವಾಪಸು ಕೊಡುವುದಿಲ್ಲ.

ನನಗೆ ನೂಲು ಬೇಡ ಉಮ್ಮಾ. ನನಗೆ ಬೇಕಾದದ್ದು ನಿಮ್ಮ ದನಿ. ಶುಕ್ರವಾರ ಜುಮಾ ಮುಗಿಸಿ ಬಂದಾಗ ಫೋನು ಕೈಯಲ್ಲಿ ಹಿಡಿದು ಕೂತಿರುತ್ತೇನೆ, ಬಾಪ ಮಾಡುತ್ತಾರೆ, ಹಿಂದೆ ನಿಮ್ಮ ಮೆಷಿನಿನ ಸದ್ದು ಕೇಳುತ್ತದೆ. ಮೆಷಿನು ನಿಂತರೆ ನೀವು ಕೇಳಿಸಿಕೊಳ್ಳುತ್ತಿದ್ದೀರಿ ಎಂದು ಗೊತ್ತಾಗುತ್ತದೆ. ಆಗ ನಾನು ಬಾಪನಿಗೆ ಬೇಡದ ಸುದ್ದಿಯನ್ನೆಲ್ಲ ಹೇಳುತ್ತೇನೆ. ಇಪ್ಪತ್ನಾಲ್ಕು ವರ್ಷದವನು ಇದನ್ನು ಬರೆಯಬಾರದು, ಬರೆದೆ.

ಝಹೀರ್

*

ಎಲೆಕ್ಟ್ರಾ ಸ್ಟ್ರೀಟ್
24 ಜನವರಿ 2025

ಝಹೀರ್ ಮೋನೇ,

ನಿನ್ನ ಕಳೆದ ಕಾಗದಕ್ಕೆ ಉತ್ತರ ಬರೆಯಲು ಕೂತು ಕೂತು ಎದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ನಾನೇ, ಈಗ ಹೆಕ್ಕಿಕೊಳ್ಳಲು ಬಗ್ಗಿದರೆ ಬೆನ್ನು ಬಗ್ಗುವುದಿಲ್ಲ. ನೀನೂ ಒಂದು ತಿಂಗಳಿನಿಂದ ಬರೆದಿಲ್ಲ. ಬರುವುದು ಅಂಗಿಗಳು ಮಾತ್ರ.

ಹೋದ ವಾರದ ನಲವತ್ತನಾಲ್ಕರ ಕಾಲರಿನಲ್ಲಿ ರಕ್ತ ಇತ್ತು. ಬಾಪ ನೋಡಿ "ಕೆಚಪ್" ಎಂದರು. ನಾನು ಬೇರೆ ಯಾರ ಕೈಗೂ ಕೊಡದೆ ತಣ್ಣೀರಿನಲ್ಲಿ ನೆನೆಸಿ ಒಗೆದೆ. ಕೆಚಪ್ ಹೇಗಿರುತ್ತದೆ, ರಕ್ತ ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಇಷ್ಟು ವರ್ಷ ಸಂಸಾರ ಮಾಡಿದ್ದೇನಾ? ಹದಿನೇಳು ಮಾತ್ರ ಒಂದು ದಿನವೂ ಹರಿದು ಬಂದಿಲ್ಲ. ಅದೇ ನನ್ನ ಸಂಕಟ.

ಟೂರಿಸ್ಟ್ ಕ್ಲಬ್ ಏರಿಯಾದ ಗಿರಾಕಿಯೊಬ್ಬಳು ಫೋನಿನಲ್ಲಿ ನಿಮ್ಮ ಒಂದು ಆಟ ತೋರಿಸಿದಳು. ನಿನ್ನನ್ನು ಹುಡುಕಬೇಕು ಎಂದುಕೊಂಡೇ ನೋಡಿದೆ. ಕಣ್ಣು ಹದಿನೇಳರ ಹಿಂದೆಯೇ ಓಡಿತು. ನನ್ನ ಕೈ ಹೊಲಿಗೆ ಅಲ್ಲಿದೆಯಲ್ಲ. ಈಗ ನಮಾಝಿನ ನಂತರ ಕೈ ಎತ್ತಿದರೆ ನಿನ್ನ ಹೆಸರಿನ ಹಿಂದೆಯೇ ಆ ಹುಡುಗನ ಹೆಸರೂ ಬಾಯಿಗೆ ಬರುತ್ತದೆ. ಬೇಡ ಎಂದರೂ ಬರುತ್ತದೆ. ಅವನ ತಾಯಿ ಎಷ್ಟು ದೂರದಲ್ಲಿದ್ದಾಳೋ ಏನೋ.

ಫೈನಲು ಅಬುಧಾಬಿಯಲ್ಲಂತೆ. ಬರುವುದಿಲ್ಲ ನಾನು. ಗಂಟಿನಲ್ಲಿ ಮೀನಿನ ಉಪ್ಪಿನಕಾಯಿ ಇಟ್ಟಿದ್ದೇನೆ, ಅಂಗಿಗೆ ತಾಗದ ಹಾಗೆ ನೋಡಿಕೋ.

ಉಮ್ಮ

*

ದುಬೈ
9 ಫೆಬ್ರವರಿ 2025

ಪ್ರೀತಿಯ ಉಮ್ಮಾ,

ಬರೆಯದಿದ್ದದ್ದು ಕೋಪದಿಂದ. ಉಪ್ಪಿನಕಾಯಿ ಬಂದ ಮೇಲೆ ಕೋಪ ನಿಲ್ಲಲಿಲ್ಲ. ಅಂದ ಹಾಗೆ ಅಂಗಿಗೆ ತಾಗಿತ್ತು. ನಮ್ಮ ಗೋಲ್‌ಕೀಪರ್ ಬೂತಾಯಿ ಮೀನಿನ ವಾಸನೆಯಲ್ಲೇ ಒಂದು ಮ್ಯಾಚ್ ಆಡಿದ, ಗೆದ್ದೆವು. ಈಗ ಅವನು ಮುಂದಿನ ಮ್ಯಾಚಿಗೂ ಉಪ್ಪಿನಕಾಯಿ ಕೇಳುತ್ತಿದ್ದಾನೆ.

ಫೈನಲಿಗೆ ಬಂದಿದ್ದೇವೆ. ಫೆಬ್ರವರಿ 22, ಶನಿವಾರ, ಎದುರಿಗೆ ಅಬುಧಾಬಿ ಟೀಮು. ನನ್ನ ಬಗ್ಗೆ ಕೋಚ್ ಇನ್ನೂ ಏನೂ ಹೇಳಿಲ್ಲ. "ಫೈನಲಿನಲ್ಲಿ ನಿನ್ನವನನ್ನು ಬಿಡಬೇಡ, ಆಮೇಲೆ ಮುಂದಿನ ಸೀಸನ್ ಮಾತಾಡುವಾ" ಎಂದಿದ್ದಾರೆ. ಅಂದರೆ ನಾನು ಉಳಿಯುತ್ತೇನಾ ಇಲ್ಲವಾ ಎಂಬುದು ಆ ಒಂದು ಮ್ಯಾಚಿನಲ್ಲಿ ನಿರ್ಧಾರ.

ಒಂದು ಗುಟ್ಟು ಹೇಳುತ್ತೇನೆ. ಬಾಪ ನಿಮಗೆ ಹೇಳುವ ಹಾಗೆ ಶನಿವಾರ ಶನಿವಾರ ರಾಸ್ ಅಲ್ ಖೋರ್‌ನಲ್ಲಿ ಗೇರ್‌ಬಾಕ್ಸ್ ಹುಡುಕುವುದಿಲ್ಲ. ಮೊದಲ ಮ್ಯಾಚಿನಿಂದಲೂ ಇಲ್ಲಿ ಮೂರನೇ ಸಾಲಿನಲ್ಲಿ ಕೂತಿರುತ್ತಾರೆ, ಮಂಕಿ ಕ್ಯಾಪ್ ಹಾಕಿಕೊಂಡು. "ನಿನ್ನ ಉಮ್ಮನಿಗೆ ಗೊತ್ತಾದ್ರೆ ನನ್ನ ಹತ್ತಿರವೂ ಮಾತು ಬಿಟ್ಟಾಳು ಮಾರಾಯ" ಎನ್ನುತ್ತಾರೆ. ಗದರಬೇಡಿ. ಎರಡು ಟಿಕೆಟ್ ಇಟ್ಟಿದ್ದೇನೆ. ಮಾತಾಡಬೇಡಿ, ಬಂದು ಕೂತರೆ ಸಾಕು.

ನಿಮ್ಮ
ಝಹೀರ್

*

ಎಲೆಕ್ಟ್ರಾ ಸ್ಟ್ರೀಟ್
23 ಫೆಬ್ರವರಿ 2025

ಝಹೀರ್,

ನಾನು ಕೂಗಿದ್ದು ನಿನ್ನನ್ನಲ್ಲ. ಮೊದಲು ಅದನ್ನು ಹೇಳುತ್ತೇನೆ.

ಬಂದದ್ದು ನೋಡಿದ್ದಿಯಲ್ಲ. ಪರ್ದಾದ ಮೇಲೆ ಬಾಪನ ಕೋಟು ಹಾಕಿ, ರಿಂಕಿನ ಗಾಜಿನ ಗೋಡೆಯ ಹತ್ತಿರವೇ ಕೂತಿದ್ದೆ. ಸುತ್ತ ಅಬುಧಾಬಿ ಕಡೆಯವರು. ಗೋಲು ಎರಡು-ಎರಡು ಆಗಿತ್ತು. ಮುಗಿಯಲು ಒಂದು ನಿಮಿಷ ಉಂಟು ಎಂದು ಬಾಪ ಹೇಳಿದರು. ಆ ಕಪ್ಪು ರಬ್ಬರಿನ ಬಿಲ್ಲೆ ನನ್ನ ಎದುರಿನ ಮೂಲೆಗೆ ಬಂತು. ಅದನ್ನು ಹೆಕ್ಕಲು ಹದಿನೇಳು ತಲೆ ತಗ್ಗಿಸಿ, ನನಗೆ ಮುಖ ಮಾಡಿ ನಿಂತ. ಅವನ ಬೆನ್ನ ಹಿಂದಿನಿಂದ ಅಬುಧಾಬಿಯ ಆ ದಡೂತಿ ಮನುಷ್ಯ ನೇರ ನುಗ್ಗುತ್ತಿದ್ದ. ಈ ಹುಡುಗನಿಗೆ ಗೊತ್ತೇ ಇಲ್ಲ. ನನ್ನ ಕೈಯಲ್ಲಿ ಹೊಲಿದ ಅಂಚು ಕಣ್ಣೆದುರೇ ಇತ್ತು. "ಮೋನೇ, ಹಿಂದೆ ನೋಡು!" ಎಂದು ನಮ್ಮ ಬ್ಯಾರಿ ಭಾಷೆಯಲ್ಲಿ ಕೂಗಿದೆ. ಕೂಗಿದ್ದು ಗೊತ್ತಾದದ್ದು ಕೂಗಿ ಆದ ಮೇಲೆ.

ಅವನಿಗೆ ಬ್ಯಾರಿ ಎಲ್ಲಿ ಬರುತ್ತದೆ, ಮೋನೇ ಎಂದರೆ ಮಗನೇ ಎಂದು ಹೇಗೆ ಗೊತ್ತಾಗಬೇಕು? ತಲೆ ಎತ್ತಿದ್ದು ನೀನು. ನೀನು ಗೋಲಿನ ಹತ್ತಿರ ನಿನ್ನವನಿಗೆ ಅಂಟಿಕೊಂಡು ನಿಂತಿದ್ದಿ. ಅವನನ್ನು ಬಿಟ್ಟು ಓಡಿ ಬಂದು ಡ್ಯಾರಲ್‌ನ ಬೆನ್ನಿಗೆ ಅಡ್ಡ ನಿಂತು ಆ ಪೆಟ್ಟಿಗೆ ನಿನ್ನ ಹೆಗಲು ಕೊಟ್ಟೆ. ಆ ಎಡ ಹೆಗಲನ್ನೇ! ಗಾಜು ನನ್ನ ಮುಖದ ಮೇಲೆ ಬಿದ್ದ ಹಾಗಾಯಿತು. ಆ ಗಳಿಗೆಯಲ್ಲೇ ಅತ್ತ ನೀನು ಬಿಟ್ಟು ಬಂದವನಿಗೆ ಬಿಲ್ಲೆ ಸಿಕ್ಕಿ, ಅವನು ಆರಾಮದಲ್ಲಿ ಗೋಲು ಹೊಡೆದ. ಸುತ್ತ ಇದ್ದವರೆಲ್ಲ ಎದ್ದು ಕುಣಿದರು. ಒಬ್ಬಳು ನನ್ನನ್ನು ಅಪ್ಪಿಕೊಂಡಳು, ನಾನೂ ಅವರ ಕಡೆಯವಳು ಎಂದುಕೊಂಡು.

ಬಾಪ ನಿನ್ನನ್ನು ನೋಡಲು ಒಳಗೆ ಬಂದರು. ನಾನು ಟ್ಯಾಕ್ಸಿ ಹಿಡಿದು ಓಡಿ ಬಂದೆ. ಹೆಗಲು ಮುರಿದಿಲ್ಲ, ಊದಿದೆ ಅಷ್ಟೇ ಎಂದು ಅವರು ಹೇಳಿದ ಮೇಲೆ ನೀರು ಕುಡಿದೆ. ಸೀಸನ್ ಪೂರ್ತಿ ಗೆದ್ದದ್ದನ್ನು ನನ್ನ ಒಂದು ಬಾಯಿ ಹಾಳು ಮಾಡಿತು. ನಿನ್ನ ಆಟ ನಿಲ್ಲಲಿ ಎಂದು ನಾನು ಬಯಸಿದ್ದು ನಿಜ. ಹೀಗೆ ನಿಲ್ಲಲಿ ಎಂದು ಬಯಸಿರಲಿಲ್ಲ.

ಉಮ್ಮ

*

ದುಬೈ
25 ಫೆಬ್ರವರಿ 2025

ಪ್ರೀತಿಯ ಉಮ್ಮಾ,

ಕೂಗಿದ್ದು ಯಾರಿಗೆ ಎಂದು ನಾನು ಕೇಳಿಲ್ಲ. ಕೇಳಿಸಿದ್ದು ನನಗೆ. ಐದು ತಿಂಗಳ ಮೇಲೆ ನಿಮ್ಮ ದನಿ ಕಿವಿಗೆ ಬಿದ್ದರೆ ನಾನು ಯಾರನ್ನು ಕಾಯುತ್ತಾ ನಿಲ್ಲಲಿ? ತಿರುಗಿದೆ, ಡ್ಯಾರಲ್‌ನ ಕುತ್ತಿಗೆ ಮುರಿಯುವುದರಲ್ಲಿತ್ತು, ಹೋದೆ. ಪುನಃ ಅಂಥ ಗಳಿಗೆ ಬಂದರೂ ಹೋಗುತ್ತೇನೆ. ನೀವು ಅಳಬೇಡಿ. ಅತ್ತಿದ್ದೀರಿ ಎಂದು ಬಾಪ ಹೇಳಿದರು.

ಇವತ್ತು ಕೋಚ್ ಕರೆದರು. "ನಿನ್ನವನನ್ನು ಬಿಟ್ಟೆ" ಎಂದರು, ಅಷ್ಟೇ. ಮುಂದಿನ ಸೀಸನ್ನಿಗೆ ನನ್ನ ಹೆಸರಿಲ್ಲ. ಡ್ಯಾರಲ್ ಅವರ ಕೋಣೆಗೆ ಹೋಗಿ ಮೇಜು ಕುಟ್ಟಿ ಬಂದ, ಏನೂ ಆಗಲಿಲ್ಲ. ಅಬುಧಾಬಿ ಟೀಮಿನವರು ಸೆಪ್ಟೆಂಬರಿನಲ್ಲಿ ಹೊಸಬರನ್ನು ಆರಿಸುತ್ತಾರೆ, ಬಾ ಎಂದಿದ್ದಾರೆ, ಹೋಗು ಎನ್ನುತ್ತಾರೆ ಬ್ರೆಂಡಾ ಬಾಯಿ. ಅಲ್ಲಿಯವರೆಗೆ ಬಾಪನ ಅಂಗಡಿಯಲ್ಲಿ ನಿಲ್ಲಬಹುದು, ಆದರೆ ನನಗೆ ಸಾಕಾಗಿದೆ. ಇನ್ಶೂರೆನ್ಸ್ ಆಫೀಸಿನವರು ಹಳೆಯ ಕೆಲಸ ಖಾಲಿ ಇದೆ ಎಂದರು. ಭಾನುವಾರದೊಳಗೆ ಹೂಂ ಎನ್ನಬೇಕು. ಅನ್ನುತ್ತೇನೆ. ಖಲಾಸ್. ನಾನು ಆಟ ಬಿಟ್ಟ ಹಾಗಾಯಿತು, ನಿಮ್ಮ ಆಣೆಯೂ ಮುಗಿದ ಹಾಗಾಯಿತು. ಭಾನುವಾರ ಮಾತಾಡುವಾ ಉಮ್ಮಾ.

ಹದಿನೇಳನ್ನು ಈ ಕಾಗದದ ಜೊತೆ ಬಾಪನ ಕೈಯಲ್ಲಿ ಕಳಿಸಿದ್ದೇನೆ. ಡ್ಯಾರಲ್ ಕೊಟ್ಟ ಮಾತು ಉಳಿಸಿಕೊಂಡ. ಮೂಲೆಯಲ್ಲಿ ಗಾಜಿಗೆ ಸಿಕ್ಕಿ ಮೊಣಕೈ ಹತ್ತಿರ ಹರಿದಿದೆ. ನೂಲು ನಿಮ್ಮದು, ತೆಗೆದುಕೊಳ್ಳಿ. ತೆಗೆಯದಿದ್ದರೆ ಅವನಿಗೆ ಸಂತೋಷ ಎಂದು ಹೇಳಿಸಿದ್ದಾನೆ.

ನಿಮ್ಮ
ಝಹೀರ್

*

ಎಲೆಕ್ಟ್ರಾ ಸ್ಟ್ರೀಟ್
27 ಫೆಬ್ರವರಿ 2025, ಗುರುವಾರ

ನನ್ನ ಝಹೀರ್ ಮೋನೇ,

ನಿನ್ನ ಕಾಗದ ಓದಿ ಮೆಷಿನು ನಿಲ್ಲಿಸಿದೆ. ನನಗೆ ಸಂತೋಷ ಆಗಬೇಕಿತ್ತು. ಕೇಳಿದ್ದು ಕೇಳಿದ ಹಾಗೆಯೇ ಸಿಕ್ಕಿತಲ್ಲ. ಎ.ಸಿ. ಕೆಳಗಿನ ಕೆಲಸ, ಮುರಿಯದ ಹೆಗಲು, ಮನೆಯಲ್ಲಿ ಮಗ. ಆದರೆ "ಅನ್ನುತ್ತೇನೆ, ಖಲಾಸ್" ಎಂದು ನೀನು ಬರೆದ ಆ ಸಾಲು ಊಟ ಸೇರಲು ಬಿಡಲಿಲ್ಲ. ನೀನು ಸೋತು ಬಂದಿ ಎಂಬ ಕಾರಣಕ್ಕೆ ನಾನು ಬಾಯಿ ಬಿಡಬೇಕಾ? ಅಂಥ ಮಾತು ನನಗೆ ಬೇಡ.

ಬಾಪನನ್ನು ಕೆಳಗಿನ ಮಸೀದಿಗೆ ಓಡಿಸಿದೆ. ಆಣೆ ಮುರಿದರೆ ಹತ್ತು ಮಂದಿ ಬಡವರಿಗೆ ಹೊಟ್ಟೆ ತುಂಬ ಊಟ ಕೊಡಬೇಕು ಎಂದರು ಉಸ್ತಾದರು. ಅದು ನನಗೂ ಗೊತ್ತಿತ್ತು, ಗೊತ್ತಿದ್ದೇ ಐದು ತಿಂಗಳು ಹಟ ಹಿಡಿದದ್ದು. ಇವತ್ತು ಅಂಗಡಿಗೆ ಬೀಗ ಹಾಕಿ, ತುಪ್ಪ ಸುರಿದು ನೈಚೋರು ಅನ್ನ, ಕೋಳಿ ಸಾರು ಮಾಡಿದೆ. ನಮ್ಮ ಬಿಲ್ಡಿಂಗ್ ಗುಡಿಸುವವರು ಹತ್ತು ಜನ ಇರುವ ರೂಮಿಗೆ ಮೊಯ್ದೀನನ ಪಿಕಪ್ಪಿನಲ್ಲಿ ತೆಗೆದುಕೊಂಡು ಹೋಗಿ ಬಡಿಸಿದೆವು. ಬಾಪ ತಾನೂ ತಟ್ಟೆ ಹಿಡಿದು ಕೂತರು. "ನೀವು ಬಡವರ ಲೆಕ್ಕಕ್ಕೆ ಬರುವುದಿಲ್ಲ, ಏಳಿ" ಎಂದೆ. "ಗೇರ್‌ಬಾಕ್ಸ್ ಸಿಗದವನು ನಾನು" ಎಂದರು. ಗದರಿಲ್ಲ, ನೀನು ಹೇಳಿದ್ದಿ ಎಂದು ಬಿಟ್ಟೆ.

ಹದಿನೇಳರ ಮೊಣಕೈ ಹೊಲಿದಿದ್ದೇನೆ. ಅಂಚು ಮುಟ್ಟಿಲ್ಲ. ಅಲಿಯಬ್ಬ ಉಸ್ತಾದರು ನಿನ್ನ ಹೆಸರಿನಲ್ಲೇ ಓದಿದ್ದು, ಇನ್ನೊಬ್ಬ ತಾಯಿಯ ಮಗ ಹಾಕಿಕೊಂಡ ಮಾತ್ರಕ್ಕೆ ಅದು ಸವೆಯುವುದಿಲ್ಲ. ಮೊಯ್ದೀನ್ ಈಗಲೇ ಹೊರಡುತ್ತಾನೆ. ಅಂಗಿಯನ್ನು ಡ್ಯಾರಲ್‌ಗೆ ಕೊಡು, ಒಮ್ಮೆ ಒಗೆಯಲಿಕ್ಕೂ ಹೇಳು.

ನಾಳೆ ಚಂದ್ರ ಕಂಡರೆ ನಾಡಿದ್ದು ರಂಝಾನಿನ ನೋಂಬು, ಉಪವಾಸ ಶುರು. ಮಗನ ಹತ್ತಿರ ಮಾತು ಬಿಟ್ಟು ನಾನು ನೋಂಬು ಹಿಡಿಯುವುದಿಲ್ಲ. ಇನ್ಶೂರೆನ್ಸ್‌ನವರಿಗೆ ಇನ್ನೂ ಹೂಂ ಎನ್ನಬೇಡ. ಅನ್ನುವುದೇ ಆದರೆ ನಿನಗೆ ಬೇಕಾಗಿ ಅನ್ನು, ನನ್ನ ಆಣೆಗೆ ಹೆದರಿ ಬೇಡ. ಸೆಪ್ಟೆಂಬರಿಗೆ ಇನ್ನೂ ತುಂಬ ದಿನ ಉಂಟು. ಆಡುವುದಾದರೆ ನಂಬರು ಯಾವುದಾದರೂ ಸರಿ, ಅಂಚು ನಾನು ಕೈಯಲ್ಲೇ ಹೊಲಿಯುತ್ತೇನೆ. ಹೆದರಿಕೆ ಹೋಗಿಲ್ಲ ಮೋನೇ, ಹೆದರುತ್ತಲೇ ಬಂದು ಕೂರುತ್ತೇನೆ.

ಹತ್ತು ತಟ್ಟೆಗಳನ್ನೂ ತೊಳೆದಿಟ್ಟು ಇದನ್ನು ಬರೆಯುತ್ತಿದ್ದೇನೆ. ನೀನಿನ್ನೂ ಆಟ ಬಿಟ್ಟಿಲ್ಲ, ನಾನು ಆಣೆ ಬಿಟ್ಟೆ. ಓದಿದ ಕೂಡಲೇ ಫೋನ್ ಮಾಡು. ಬಾಪ ಎತ್ತುವುದಿಲ್ಲ, ಫೋನು ನನ್ನ ಮಡಿಲಲ್ಲಿದೆ.

ನಿನ್ನ
ಉಮ್ಮ